ಉಪ್ಪು ಹಿಂದಿರುಗಿಸುವುದು

ಶುಕ್ರವಾರ ಎರಡೂವರೆಗೆ ನಮ್ಮ ಸರದಿ.
ಸೊಹಾರಿನ ಚರ್ಚಿನ ಹಿಂಬದಿಯ ಕೋಣೆಯಲ್ಲಿ
ತಮಿಳರು ಎದ್ದುಹೋದ ಕುರ್ಚಿಗಳು ಇನ್ನೂ ಬೆಚ್ಚಗಿರುವಾಗ
ಕನ್ನಡ ಸಭೆ ಕೂರುತ್ತದೆ: ಹದಿಮೂರು ಮಂದಿ,
ರಜೆಯ ತಿಂಗಳಲ್ಲಿ ಏಳು.
ಗೋಡೆಯಾಚೆ ಫಿಲಿಪ್ಪೀನಿಯರ ಡ್ರಮ್ಮು.
ರಾಗ ಎತ್ತುತ್ತಿದ್ದವಳು ನಾನು.
ಮಲ್ಪೆಯಲ್ಲಿ ಅಜ್ಜ ಕಲಿಸಿದ ರಾಗಗಳು,
ಹಾರ್ಮೋನಿಯಂ ಬೇಕಿರಲಿಲ್ಲ.

ಜೆಮೀಮ ಹೋದ ಮೇಲೆ
ಗಂಟಲು ತನಗೆ ತಾನೇ ಬೀಗ ಹಾಕಿಕೊಂಡಿತು.

ಆರು ವರ್ಷ, ನಾಲ್ಕು ತಿಂಗಳು.
ರಕ್ತದಲ್ಲಿ ಏನೋ ಕೆಟ್ಟಿದೆ ಎಂದರು.
ಮಸ್ಕತ್ತಿಗೆ ಇನ್ನೂರು ಕಿಲೋಮೀಟರು;
ಆ ದಾರಿಯ ಒಂದೊಂದು ಪೆಟ್ರೋಲು ಬಂಕೂ ನನಗೆ ಗೊತ್ತು,
ಯಾವುದರಲ್ಲಿ ನೆರಳಿದೆ, ಯಾವುದರಲ್ಲಿ
ವಾಂತಿ ತೊಳೆಯಲು ನಲ್ಲಿ ಹೊರಗಿದೆ.
ಆಗಸ್ಟಿನಲ್ಲಿ ಮಣ್ಣು ಮಾಡಿದೆವು, ಬೆಳಗ್ಗೆ ಆರಕ್ಕೇ,
ಬಿಸಿಲೇರುವ ಮುಂಚೆ.
ಒಂದು ಹಿಡಿ ಮಣ್ಣು ಹಾಕಿ ಅಂದರು.
ಮಣ್ಣೆಲ್ಲಿ, ಬರೀ ಮರಳು.
ನಾನು ಬಿಡುವ ಮೊದಲೇ
ಮುಷ್ಟಿಯನ್ನು ಬಿಟ್ಟುಹೋಯಿತು.

ಅಯ್ಯನವರು ಬಂದರು. ಒಳ್ಳೆಯವರು.
ಚಿನ್ನವನ್ನು ಬೆಂಕಿಯಲ್ಲಿಟ್ಟೇ ಶೋಧಿಸುವುದು ಎಂದರು.
ನಾನು ಚಹಾ ಕೊಟ್ಟೆ.
ಮನಸ್ಸಿನಲ್ಲೇ ಅಂದೆ: ನಮ್ಮದು ಚಿನ್ನದ ಮನೆತನವಲ್ಲ ಅಯ್ಯನವರೇ,
ಹೆಂಚಿನದು.
ಕಾರ್ಖಾನೆಯ ಗೂಡಿನ ಬಾಯಲ್ಲಿ ಮೂವತ್ತು ವರ್ಷ ನಿಂತ ಅಜ್ಜ
ಸುಟ್ಟು ಬಂದ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ
ಕಿವಿಯನ್ನು ಹತ್ತಿರ ತರುತ್ತಿದ್ದರು.
ಠಣ್ ಅಂದರೆ ಮಾಡಿಗೆ.
ಮಂಕು ಸದ್ದಾದರೆ ಒಳಗೆಲ್ಲೋ ಬಿರುಕು;
ಅದು ಬಾವಿಕಟ್ಟೆಯ ಸುತ್ತ, ಕೆಸರಿಗೆ ಹಾಸಲಿಕ್ಕೆ.
ಈಗ ನನ್ನನ್ನು ತಟ್ಟಿ ನೋಡಿ.

ವರ್ಷವಿಡೀ ಹಿಂದಿನ ಸಾಲಿನಲ್ಲಿ ಕೂತೆ.
ಉಳಿದವರು ಹಾಡಿದರು, ಶ್ರುತಿ ತಪ್ಪಿ,
ನನ್ನ ಪಾಲಿನ ಊಟವನ್ನು ಯಾರೋ ಉಣ್ಣುತ್ತಿರುವ ಹಾಗೆ.
ಪಕ್ಕದಲ್ಲಿ ಶ್ಯಾಮಲಿ, ಸಿಂಹಳದವಳು, ಯಾರದೋ ಮನೆಗೆಲಸಕ್ಕಿದ್ದವಳು.
ವಾರಕ್ಕೆ ಅವಳಿಗೆ ಸಿಗುವ ಒಂದೇ ಬಿಡುವಿನ ಗಂಟೆ
ನಮ್ಮ ಗಂಟೆಯೂ ಆಗಿತ್ತು, ಅದಕ್ಕೇ ಕನ್ನಡ ಸಭೆ.
ಒಂದಕ್ಷರ ತಿಳಿಯದು.
ಮುಂಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಅಚ್ಚೊತ್ತಿತ್ತು.
ಯಾರು ಎಂದು ನಾನು ಕೇಳಲಿಲ್ಲ,
ಯಾಕೆ ಅಳುವುದಿಲ್ಲ ಎಂದು ಅವಳೂ.
ಕರ್ತನ ಭೋಜನದ ದಿನ ನಾನು ಏಳಲಿಲ್ಲ.
ಅವಳು ತನ್ನ ರೊಟ್ಟಿ ಮುರಿದು ಅರ್ಧವನ್ನು ನನ್ನ ಅಂಗೈಗೆ ಒತ್ತಿದಳು,
ರೋಗಿಗೆ ಮಾತ್ರೆ ಕೊಡುವವಳಂತೆ.
ನುಂಗಿದೆ, ನೀರಿಲ್ಲದೆ.

ಫಿಲೆಮೋನನಿಗೆ ಕಡಲ ನೀರನ್ನು ಸಿಹಿ ಮಾಡುವಲ್ಲಿ ಪಾಳಿ.
ಒಮ್ಮೆ ಮಗು ಕೇಳಿತ್ತು, ಹಲ್ಲುಜ್ಜುತ್ತಾ:
ಪಪ್ಪಾ, ತೆಗೆದ ಉಪ್ಪನ್ನೆಲ್ಲ ಎಲ್ಲಿ ಇಡ್ತೀರಿ?
ಇಡೋದಿಲ್ಲ ಮಗಾ, ಕೊಳವೆಯಲ್ಲಿ ವಾಪಸ್ ಕಡಲಿಗೇ.
ಕಡಲಿಗೆ ಬೇಜಾರಾಗಲ್ವಾ?
ಅದರದ್ದೇ ಅಲ್ವಾ ಅದು.

ಮೊನ್ನೆ ಅವನ ಅಂಗಿ ಒಗೆಯುವಾಗ
ಬೆನ್ನಲ್ಲಿ ಬೆವರೊಣಗಿದ ಬಿಳಿ ಗೆರೆ ಕಂಡು
ಬಚ್ಚಲಲ್ಲೇ ಕುಸಿದೆ.
ಕರ್ತನೇ, ಎಂದೆ, ಹದಿನಾಲ್ಕು ತಿಂಗಳ ಮೇಲೆ.
ಆಮೇಲೆ ಬಂದದ್ದು ಸ್ತೋತ್ರವಲ್ಲ.
ಬೈದೆ. ಮಲ್ಪೆಯ ಮೀನು ಧಕ್ಕೆಯ ತುಳುವಿನಲ್ಲಿ;
ನಮ್ಮ ಪ್ರಾರ್ಥನೆಯ ಕನ್ನಡಕ್ಕೆ ಅಷ್ಟು ಖಾರ ಇಲ್ಲ.
ನಿನ್ನದೇ ಅಲ್ವಾ ಇದು, ತಗೋ, ಎಂದೆ.
ನಲ್ಲಿ ಹರಿಯುತ್ತಲೇ ಇತ್ತು.
ಕೇಳುತ್ತಿದ್ದವನು ಎದ್ದು ಹೋಗಲಿಲ್ಲ.
ಇಷ್ಟು ಮಾತ್ರ ಖಾತ್ರಿ. ಹೇಗೆಂದು ಕೇಳಬೇಡಿ.
ಹಾಡುತ್ತಿದ್ದ ದಿನಗಳಲ್ಲಿ ಅವನನ್ನು ಮಾಡಿನ ಎತ್ತರದಲ್ಲಿಟ್ಟಿದ್ದೆ.
ಈಗ ಸಿಕ್ಕಿದ್ದು ಕೆಳಗೆ, ಕಾಲು ಜಾರುವಲ್ಲಿ,
ಬಾವಿಕಟ್ಟೆಯ ಸುತ್ತ ಹಾಸಿದ
ಒಡಕು ಹೆಂಚಿನ ಹಾಗೆ,
ನನ್ನ ಪೂರ್ತಿ ಭಾರ ಹೊತ್ತು.

ಈ ಶುಕ್ರವಾರ ರಾಗ ಎತ್ತಿದೆ ಎಂದರೆ
ಸುಳ್ಳಾಗುತ್ತದೆ.
ಮೂರನೆಯ ಚರಣಕ್ಕೆ ಮಂಕು ಸದ್ದೊಂದು ಹೊರಟಿತು ಗಂಟಲಿನಿಂದ,
ಅಷ್ಟೇ.
ಶ್ಯಾಮಲಿ ತಲೆ ಬಾಗಿಸಿ
ಕಿವಿಯನ್ನು ಹತ್ತಿರ ತಂದಳು.