ಮೂರು ಕೂಗು

ವಿಚಾರಣಾಧಿಕಾರಿಗಳು ನನ್ನ ಪುಸ್ತಕ ಕೇಳಿದರು.
ಅವೆನ್ಯೂ ರಸ್ತೆಯದು, ಇನ್ನೂರು ಪುಟ, ನೆತ್ತಿಯ ಮೇಲೆ ತಂತಿ ಸುರುಳಿ.
ತಿರುವಿ ನೋಡಿ, "ಏನಮ್ಮಾ ಇದು, ಇರುವೆ ಹರಿದ ಹಾಗಿದೆ" ಅಂದರು.
ಶೀಘ್ರಲಿಪಿ ಸರ್. ಬರೆದವಳೇ ಓದಬೇಕು.
"ಓದಿ."

ಎಲ್ಲಿಂದ ಓದಲಿ?

ಮುನಿಯಲ್ಲಪ್ಪನ ಗಂಟಲಿನಿಂದ ಶುರು ಮಾಡಬಹುದಿತ್ತು.
ಇಪ್ಪತ್ತಾರು ವರ್ಷ ನಮ್ಮ ಹಾಲಿನ ಬಾಗಿಲಲ್ಲಿ ನಿಂತು
ಬೆಂಗಳೂರಿನ ಹೆಸರುಗಳನ್ನು ಕೂಗಿದ ಗಂಟಲು:
ಬಾಡಿಗೆ ಕೊಡದವರು, ಚೆಕ್ಕು ಬೌನ್ಸಾದವರು,
ಒಂದೂವರೆ ಅಡಿ ಗೋಡೆಗೆ ಅಣ್ಣನ ಮೇಲೆ ದಾವೆ ಹೂಡಿದ ತಮ್ಮಂದಿರು.
ಅವನು ಕೂಗಿದರೆ ಕೆಳಗೆ ಕ್ಯಾಂಟೀನಿನಲ್ಲಿ
ಅರ್ಧ ಇಡ್ಲಿ ಬಿಟ್ಟು ಕಕ್ಷಿದಾರರು ಓಡಿ ಬರುತ್ತಿದ್ದರು.
"ಕರಗದ ರಾತ್ರಿ ಗೋವಿಂದಾ ಅಂದ ಗಂಟಲಮ್ಮ,
ತಿಗಳರಪೇಟೆದು, ಮೈಕು ಬೇಡ."
(ನಾವೆಲ್ಲ ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆವು.
ಅದನ್ನೂ ಬರೆದುಕೊಳ್ಳಿ ಸರ್.)

ಸಾಹೇಬರು ವರ್ಗವಾಗಿ ಬಂದಿದ್ದು ಆಷಾಢದಲ್ಲಿ.
ಮೊದಲ ವಾರವೇ ಲೋಟದ ಮೇಲೆ ಬೆರಳಚ್ಚು ಕಂಡರು.
ನೀರು ಅವನ ಬಿಳಿ ಅಂಗಿಗೆ ಹೋಯಿತು,
ಹಿತ್ತಾಳೆ ಬಿಲ್ಲೆಯಿಂದ ಊಟದ ಹೊತ್ತಿನವರೆಗೂ ತೊಟ್ಟಿಕ್ಕಿತು.
ಆಮೇಲೆ ಬಂಗಲೆ. ಅಮ್ಮಾವರ ಸೀರೆಯ ಫಾಲ್ಸಿಗೆ ಮಲ್ಲೇಶ್ವರ,
ನಾಯಿಯ ಮೂಳೆಗೆ ಶಿವಾಜಿನಗರ,
ಭಾನುವಾರ ಕಾರು. ಸೋಮವಾರ ಬೆಳಿಗ್ಗೆ ಮತ್ತೆ ಅದೇ ಕಾರು.

ಗುಮಾಸ್ತೆ ಪರ್ವೀನ್ ಹೆರಿಗೆ ರಜೆಯ ಅರ್ಜಿ ಇಟ್ಟಾಗ
"ನನ್ನ ಕೇಳಿ ಬಸುರಾದೆಯಾ?" ಅಂದರು.
ಅದು ಎಪ್ಪತ್ತೊಂದನೇ ಪುಟದಲ್ಲಿದೆ.
ನನ್ನ ಕೈ ಹಾಗೆ ಪಳಗಿದೆ ಸರ್,
ಕಿವಿಗೆ ಬಿದ್ದದ್ದು ಮೊದಲು ಬೆರಳಿಗೆ, ತಲೆಗೆ ಆಮೇಲೆ.

ಶಿರಸ್ತೇದಾರ್ ನಂಜುಂಡಾರಾಧ್ಯರ ಹೇಳಿಕೆ ನಾನೂ ನೋಡಿದೆ.
"ಕಡತ ಹುಡುಕುತ್ತಿದ್ದೆ, ಕೇಳಿಸಲಿಲ್ಲ."
ನಿವೃತ್ತಿಗೆ ಹದಿನಾಲ್ಕು ತಿಂಗಳು ಅವರಿಗೆ.
ಬೈಯಲಾರೆ.

ಆವತ್ತು ಎರಡೂವರೆ ದಾಟಿತ್ತು.
ಪ್ರತಿವಾದಿಯ ಹೆಸರು ಉದ್ದ, ತಮಿಳಿನದು. ಮುನಿಯಲ್ಲಪ್ಪ ಎಡವಿದ.
ಹಾಲಿನ ತುಂಬ ವಕೀಲರು, ಹಿಂದೆ ಕಾನೂನು ಕಾಲೇಜಿನ ಮಕ್ಕಳು.
ಸಾಹೇಬರು ಕನ್ನಡಕ ತೆಗೆದರು.
"ನಿನ್ನ ಹೆಸರಾದರೂ ಬರುತ್ತೇನೋ? ಹೋಗು, ಕೂಗು."

ಬಾಗಿಲಿಗೆ ಹೋದ.
ತಮಾಷೆ ಇರಬಹುದೆಂದು ಒಮ್ಮೆ ತಿರುಗಿ ನೋಡಿದ.
ತಮಾಷೆಯಲ್ಲ.

ಮುನಿಯಲ್ಲಪ್ಪಾ
ಮುನಿಯಲ್ಲಪ್ಪಾ
ಮೂರನೆಯದು ಕೂಗಲ್ಲ, ಬರೀ ಗಾಳಿ.

ಕಾರಿಡಾರಿನ ಆ ತುದಿಯಲ್ಲಿ ಯಾವುದೋ ಅಜ್ಜಿ
"ಯಾರಪ್ಪಾ ಅದು, ಬಿರ್ರನೆ ಬನ್ನಿ, ಕೂಗ್ತಾವ್ರೆ" ಅಂದಳು.
ನಕ್ಕವರಿದ್ದರು.
ಹಿರಿಯ ವಕೀಲರೊಬ್ಬರು ಗೌನಿನ ನೆರಿಗೆ ಸರಿಮಾಡಿಕೊಂಡರು.
ಸಾಹೇಬರು ನನ್ನ ಕಡೆ ವಾಲಿ, ದಿನವೂ ಆದೇಶ ಹೇಳಿ ಬರೆಸುವ ದನಿಯಲ್ಲೇ,
"ಕೂಗಿಸಲಾಯಿತು. ಗೈರುಹಾಜರು."
ಆಮೇಲೆ, "ಟೈಪ್ ಮಾಡಬೇಡ ಮತ್ತೆ."

ಟೈಪ್ ಮಾಡಲಿಲ್ಲ ಸರ್.
ಬರೆಯಬೇಡ ಎಂದು ಅವರು ಹೇಳಿರಲಿಲ್ಲ.
ಇಗೋ ಇಲ್ಲಿದೆ, ನೂರ ಹನ್ನೆರಡು,
ಎರಡು ಗೆರೆ, ಒಂದು ಕೊಂಕು, ಒಂದು ಚುಕ್ಕೆ.

"ಮುಂದೆ?"

ಮುಂದೆ ಖಾಲಿ.

"ಅಂದರೆ?"

ಅಂದರೆ ಯಾರೂ ಮಾತಾಡಲಿಲ್ಲ.
ನಲವತ್ತು ಜನ ಇದ್ದೆವು, ಸನ್ನದು ಪಡೆದವರೇ ಹೆಚ್ಚು.
ಇದ್ದಾನೆ, ಇಲ್ಲೇ ಇದ್ದಾನೆ ಎನ್ನಲು
ನನ್ನ ಲಿಪಿಯಲ್ಲಿ ಅರ್ಧ ಗೆರೆ ಸಾಕು.
ಪೆನ್ಸಿಲು ನನ್ನ ಕೈಯಲ್ಲೇ ಇತ್ತು.

ಅವರು ಇದನ್ನು ಬರೆದುಕೊಂಡರೋ ಇಲ್ಲವೋ,
ಕಡತದ ರಟ್ಟು ಅಡ್ಡ ಇತ್ತು, ಕಾಣಲಿಲ್ಲ.

ಹೊರಗೆ ಬೆಂಚಿನ ಮೇಲೆ ಮುನಿಯಲ್ಲಪ್ಪ ಕೂತಿದ್ದ,
ಸಾಕ್ಷಿ ನಂಬರು ನಾಲ್ಕು,
ಒಗೆದ ಅಂಗಿ, ಬಿಲ್ಲೆಯಿಲ್ಲದ ಎದೆ.
ಒಬ್ಬ ಹುಡುಗ ಬಾಗಿಲಿಗೆ ಬಂದು ಚೀಟಿ ನೋಡಿ
ಮೆಲ್ಲಗೆ, "ಮುನಿಯಲ್ಲಪ್ಪನವರು" ಅಂದ.
ಒಂದೇ ಸಲ.

ಅವನು ಏಳಲಿಲ್ಲ.
ಉಳಿದೆರಡಕ್ಕೆ ಕಾಯುತ್ತಿದ್ದ.