ಅಗಸೆ ಎಣ್ಣೆ

ಸ್ಕಾಟ್ಲೆಂಡಿನ ಮೂಡಣ ತೀರದ ಬಾಲ್‌ಡ್ರಮ್ಮಿಯಲ್ಲಿ,
ಗ್ರಂಥಾಲಯದ ನೆಲಮಾಳಿಗೆಯಲ್ಲಿ ನನ್ನ ಕೆಲಸ:
ಹಳೆಯ ಫೋಟೋಗಳ ಧೂಳೊರೆಸಿ
ಅಡಿಗೆ ಎರಡು ಸಾಲು ಬರೆಯುವುದು.

ಇದರ ಬೆನ್ನಿಗೆ ಪೆನ್ಸಿಲಿನಲ್ಲಿ ಇಷ್ಟೇ ಇದೆ:
‘ಲಿನೋಲಿಯಂ ಕಾರ್ಖಾನೆ. ಬೆಂಕಿ. ಮಂಗಳವಾರ.’
ಯಾವ ಮಂಗಳವಾರವೋ.

ಊರಿಗೆ ಊರೇ ದಿಬ್ಬದ ಮೇಲೆ, ಬೆನ್ನು ನಮಗೆ.
ಟೋಪಿಗಳು, ತಲೆವಸ್ತ್ರಗಳು,
ಯಾರದೋ ಹೆಗಲೇರಿದ ಒಂದು ಜೊತೆ ಪುಟ್ಟ ಬೂಟು.
ಆಚೆ ಕೆಳಗೆ, ಉರಿ ಇರಬೇಕಾದಲ್ಲಿ
ಬರೀ ಬಿಳುಪು,
ಇಲಿ ಕಚ್ಚಿ ಒಯ್ದ ಹಾಗೆ.
ಕ್ಯಾಮೆರಾಕ್ಕೂ ಕಣ್ಣು ಕುಕ್ಕಿತ್ತು.

ಒಬ್ಬಳು ಮಾತ್ರ ಅತ್ತ ನೋಡುತ್ತಿಲ್ಲ.
ಬಲತುದಿಯಲ್ಲಿ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು
ಮಸಿ ಬೀಳುವ ಮುಂಚೆ
ಹಗ್ಗದಿಂದ ದುಪ್ಪಟಿ ಎಳೆಯುತ್ತಿದ್ದಾಳೆ.

‘ನಮ್ಮಮ್ಮ,’ ಎಂದರು ಎಫಿ ಗಿಲ್‌ಕ್ರಿಸ್ಟ್,
ಎಂಬತ್ತೊಂಬತ್ತರ ಬೆರಳು ಗಾಜಿಗೆ ತಾಗಿಸಿ.
‘ಬೂಟು ನನ್ನದು.
ಬಿಳಿಯಲ್ಲ ಕಣೇ, ಹಸಿರು ಉರಿ ಅದು,
ಬಣ್ಣದ ಕೋಠಿ ಹೊತ್ತಿದಾಗ. ಆಮೇಲೆ ನೀಲಿ.
ನಾನು ಚಪ್ಪಾಳೆ ತಟ್ಟಿದೆ.
ಅಪ್ಪ ಮಾತಿಲ್ಲದೆ ಹೆಗಲಿಂದ ಇಳಿಸಿಬಿಟ್ಟ.’

ಸತ್ತವರು? ನಾನು ನಮೂನೆ ತುಂಬುತ್ತಿದ್ದೆ.
‘ಯಾರೂ ಇಲ್ಲ. ರಾತ್ರಿ ಪಾಳಿ ಬಿಟ್ಟಿತ್ತು,
ಹಗಲಿನದು ಇನ್ನೂ ಹೊಕ್ಕಿರಲಿಲ್ಲ.’
ಸ್ವಲ್ಪ ತಡೆದು,
‘ಆಮೇಲೂ ಅಪ್ಪ ಹೊತ್ತಿಗೆ ಸರಿಯಾಗಿ ಏಳುತ್ತಿದ್ದ.
ಡಬ್ಬಿ ಹಿಡಿದು ಬಾಗಿಲತನಕ ಹೋಗಿ
ವಾಪಸು ಬರುತ್ತಿದ್ದ.’

ಮತ್ತೆ ಆ ವಾಸನೆ: ಅಗಸೆ ಎಣ್ಣೆ ಕುದಿಯುವುದು,
ಎರಡು ಮೈಲಿ ದೂರಕ್ಕೇ ಮೂಗಿಗೆ ಬಡಿಯುವುದು.
ಪಕ್ಕದೂರ ಹುಡುಗಿಯರು
ಇಲ್ಲಿನ ಗಂಡುಗಳ ಜೊತೆ ಕುಣಿಯಲು ಒಲ್ಲೆ ಎನ್ನುತ್ತಿದ್ದರಂತೆ.
‘ಬೆಂಕಿ ಆರಿತು, ಗಾಳಿ ಚೊಕ್ಕವಾಯಿತು.
ಊರಿಗೆ ಊಟವೇ ಸೇರಲಿಲ್ಲ.’

ನಮ್ಮ ಕಡೆ ಅಗಸಿ ಅಂತೀವಿ, ಎಂದೆ.
ಹುರಿದು, ಖಾರ ಬೆಳ್ಳುಳ್ಳಿ ಸೇರಿಸಿ ಕುಟ್ಟಿ
ರೊಟ್ಟಿಗೆ ಹಚ್ಚಿಕೊಳ್ಳುತ್ತೇವೆ.
ಅವರು ನಕ್ಕರು, ಕೆಮ್ಮು ಬರುವ ತನಕ:
‘ನೀವು ತಿಂದಿರಿ. ನಾವು ತುಳಿದೆವು.’

ಸಂಜೆ, ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ
ಮೂಲೆ ಎದ್ದ ಹಾಸನ್ನು ಎಳೆದೆ. ಅದರಡಿ ಇನ್ನೊಂದು.
ಅದರಡಿ ಇದು: ಕಂದು ನೆಲ, ಹಸಿರು ಬಳ್ಳಿ, ಹಳದಿ ಹೂ,
ತೊಟ್ಟಿಯ ಮುಂದೆ ಮಾತ್ರ
ಎರಡು ಪಾದದಗಲ ಬೋಳು.
ಯಾರೋ ನಿಂತೂ ನಿಂತೂ ಸವೆಸಿದ್ದು.
ಪಾತ್ರೆ ಉಳಿದಿದ್ದವು. ಅಲ್ಲೇ ನಿಂತು ತೊಳೆದೆ.

ಎರಡು ಸಾಲು ಇನ್ನೂ ಬರೆದಿಲ್ಲ.
ಇಸವಿ ಹುಡುಕಬೇಕು.
ಹಸಿರು ಅನ್ನುವ ಮಾತನ್ನು
ಎಲ್ಲಾದರೂ ಸೇರಿಸಬೇಕು.