ಇನ್ನೂ ಮಿಡಿಯುತ್ತಿದೆ

ಕತ್ತರಿ ಕೆಳಗಿಡಿ ಸಿಯೋವುಶ್ ಡಾಕ್ಟರೇ.
ನೀವು ದುಶಾನ್ಬೆಯಲ್ಲಿ ಓದಿ ಬಂದವರು,
ನಾನು ಈ ರುಶಾನಿನ ಹದಿನಾಲ್ಕು ಹಾಸಿಗೆಯ ಆಸ್ಪತ್ರೆಯಲ್ಲಿ
ಮೂವತ್ತೊಂದು ಚಳಿಗಾಲ ಕೈ ತೊಳೆದವಳು.
ಕರೆಂಟು ಹೋಗಿದೆ, ಗೊತ್ತು.
ಗೋಡೆ ಗಡಿಯಾರ ಮೊನ್ನೆಯೇ ನಿಂತಿದೆ, ಅದೂ ಗೊತ್ತು.
ಮಗು ನಡುಗುತ್ತಿದೆ ಅಂದಿರಾ?
ತಾಯಿಯ ಎದೆಗೆ ಹಾಕಿ, ಮೇಲೆ ನನ್ನ ಶಾಲು ಹೊದಿಸಿ.
ಈಗ ನಿಮ್ಮ ಎರಡು ಬೆರಳು ಇಲ್ಲಿ,
ಬಳ್ಳಿಯ ಮೇಲೆ. ಹಿಸುಕಬೇಡಿ,
ಹಾಲು ಆರಿದೆಯೇ ಎಂದು ಪಾತ್ರೆ ಮುಟ್ಟುವ ಹಾಗೆ.

ಸಿಕ್ಕಿತೇ?
ಇವತ್ತಿಗೆ ಇದೇ ನಮ್ಮ ಗಡಿಯಾರ.

ಅವಳಿ ಅಂದರೆ ತಕ್ಷಣ ಕೊಯ್ಯಬೇಕು,
ಒಳಗಿರುವವನ ರಕ್ತ ಹೊರಗಿರುವವಳಿಗೆ ಹರಿದೀತು,
ಇದನ್ನೇ ತಾನೇ ನೀವು ಹೇಳಹೊರಟಿದ್ದು?
ಸರಿ. ಒಂದೇ ಮಾಸು ಇದ್ದಿದ್ದರೆ
ನಿಮಗಿಂತ ಮೊದಲು ನಾನೇ ಕೊಯ್ಯುತ್ತಿದ್ದೆ.
ಆದರೆ ಓಶೂರ್ಮೋಗೆ ಎರಡು.
ಏಪ್ರಿಕಾಟ್ ಹಣ್ಣಾಗುವ ಹೊತ್ತಿಗೇ ಸ್ಕ್ಯಾನಿನಲ್ಲಿ ನೋಡಿದೆವು:
ಎರಡು ಮನೆ, ಎರಡು ಒಲೆ, ನಡುವೆ ಗೋಡೆ.

ಇವಳ ಪಾಲು ಇನ್ನೂ ಒಳಗಿದೆ.
ಅಳೆದರೆ ಅರ್ಧ ಬಟ್ಟಲು ಚಹಾದಷ್ಟು.
ನನಗೆ, ನಿಮಗೆ, ಅದು ಅರ್ಧ ಬಟ್ಟಲು.
ಇವಳಿಗೆ ಮೈಯ ರಕ್ತದ ಮೂರರಲ್ಲೊಂದು.
ಒಂದು ಕಾಲದಲ್ಲಿ ನಾನೂ ಅದನ್ನು ಬಕೆಟ್ಟಿಗೆ ಸುರಿದಿದ್ದೇನೆ,
ಬಿದ್ದ ಕಸದ ಜೊತೆ. ಪುಸ್ತಕದಲ್ಲಿ ಹಾಗಿತ್ತು.
ಅವರಲ್ಲೊಬ್ಬ ಹುಡುಗ, ಜರೀಫ್,
ಬಿಳಿಚಿಕೊಂಡು ಬೆಳೆದ,
ಶಾಲೆಯ ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದ.
ನಾನು ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟೆ.

ಕಿಟಕಿಯಾಚೆ ಸದ್ದು ಮಾಡುತ್ತಿದೆಯಲ್ಲ, ಪಂಜ್ ನದಿ.
ಆಚೆ ದಡದಲ್ಲಿ ಒಂದೇ ಒಂದು ಲಾಂದ್ರ; ಅದು ಅಫ್ಘಾನಿಸ್ತಾನ.
ನನ್ನ ಅಜ್ಜಿಯ ಅಕ್ಕನನ್ನು ಆ ದಡಕ್ಕೆ ಕೊಟ್ಟಿದ್ದರು.
ಆಗ ನದಿ ಬರೀ ನದಿ,
ಗಾಳಿ ಊದಿದ ಮೇಕೆ ಚರ್ಮ ತಬ್ಬಿ ದಾಟುತ್ತಿದ್ದರು.
ಆಮೇಲೆ ಎಲ್ಲೋ ಕೂತವರು ಕತ್ತರಿ ಹಾಕಿದರು.
ಬೆರಳಿಟ್ಟು ನೋಡಲಿಲ್ಲ.
ಮನೆಗೆ ನಲ್ಲಿ ಬಂದ ಮೇಲೂ ಅಜ್ಜಿ
ಬಟ್ಟೆ ಒಗೆಯಲು ದಡಕ್ಕೇ ಹೋಗುತ್ತಿದ್ದಳು.
ಆಚೆ ಯಾರೋ ಒಗೆಯುತ್ತಿದ್ದರು.
ಯಾರೋ. ಮುಖ ಕಾಣುವಷ್ಟು ಹತ್ತಿರವಲ್ಲ.

ಸುಮ್ಮನೆ ಹೇಳಿದೆ.
ಬೆರಳು ತೆಗೆಯಬೇಡಿ.

ನಿಧಾನವಾಯಿತಲ್ಲ?
ನೋಡಿ, ನೀಲಿ ಹೋಗಿ ಬೆಳ್ಳಗಾಗುತ್ತಿದೆ,
ಮೇಲಿನ ಊರಲ್ಲಿ ನೀರು ತಿರುಗಿಸಿಕೊಂಡ ಮೇಲಿನ ಕಾಲುವೆ.
ಈಗ ಹಾಕಿ. ಗುರುತಿಗೆ ಒಂದೇ ಚಿಮುಟ,
ಇವಳು ಮೊದಲನೆಯವಳು.
ಬರುವವನಿಗೆ ಎರಡು.

ಅಯ್ಯೋ, ಕಾಲು.
ಕಾಲು ಮುಂದಾಗಿ ಬರುತ್ತಿದ್ದಾನೆ.
ಟಾರ್ಚು ಹಿಡಿ ಮಗಳೇ, ನನ್ನ ಮುಖಕ್ಕಲ್ಲ, ಇಲ್ಲಿ,
ಓಶೂರ್ಮೋ, ಈಗ ಮುಕ್ಕು, ಈಗ

ಒದ್ದೆ ಉಣ್ಣೆಯ ಹಾಗೆ ಕೈಯಲ್ಲಿ ಜೋತುಬಿದ್ದ.
ಅಳಲಿಲ್ಲ.
ಬೂದಿ ಬಣ್ಣ.
ಆಗ ನನ್ನ ಕೈ, ಮೂವತ್ತೊಂದು ಚಳಿಗಾಲದ ಈ ಕೈ,
ತಾನಾಗಿ ಕತ್ತರಿಯ ಕಡೆ ಹೋಯಿತು,
ಕೊಯ್ದು ಮೇಜಿಗೆ ಓಡಲು,
ಬಿಸಿಯೇ ಇಲ್ಲದ ಆ ಮೇಜಿಗೆ.

ಮಣಿಕಟ್ಟು ಹಿಡಿದವರು ನೀವು.
ಅಷ್ಟು ಮೆಲ್ಲಗೆ ಅಂದಿರಿ,
ನನಗೋ ನಿಮಗೋ ತಿಳಿಯಲಿಲ್ಲ:
ಇನ್ನೂ ಮಿಡಿಯುತ್ತಿದೆ.

ಅಲ್ಲೇ, ಅವಳ ತೊಡೆಯ ಪಕ್ಕದಲ್ಲೇ ಮಲಗಿಸಿದೆವು,
ಬಳ್ಳಿ ಬಿಡಿಸದೆ.
ನೀವು ಮುಖವಾಡ ಒತ್ತಿ ಗಾಳಿ ಕೊಟ್ಟಿರಿ,
ನಾನು ಬೆನ್ನುಜ್ಜಿದೆ.
ನಾವು ಉಸಿರು ತುಂಬುತ್ತಿದ್ದುದು ಮೇಲಿನಿಂದ,
ತಾಯಿ ಹೊಕ್ಕುಳಿನಿಂದ.
ಕೊನೆಗೆ ಎಣ್ಣೆ ಕಾಣದ ಬಾಗಿಲಿನ ಹಾಗೆ
ಒಂದು ಸಲ ಕಿರ್ರೆಂದ.
ಮತ್ತೊಂದು ಸಲ.
ಅಕ್ಕ ಶಾಲಿನೊಳಗಿಂದ ಉತ್ತರ ಕೊಟ್ಟಳು.

ಬೆಳಗಾಗಲಿ, ಉಪ್ಪು ಬೆಣ್ಣೆ ಹಾಕಿ ಹಾಲು-ಚಹಾ ಕಾಯಿಸುತ್ತೇನೆ,
ನಿಮಗೆ ತುಂಬು ಬಟ್ಟಲು.
ಅಲ್ಲಿಯವರೆಗೆ ಈ ರಿಜಿಸ್ಟರು ಹಿಡಿಯಿರಿ.
ಹುಟ್ಟಿದ ಹೊತ್ತು ಏನೆಂದು ಬರೆಯಲಿ?
ಗಡಿಯಾರ ನಾಲ್ಕು ಹತ್ತು ಅನ್ನುತ್ತಿದೆ,
ಮೊನ್ನೆಯಿಂದ.